ನಾಯಿ ಇಲ್ಲದ ಸ್ಕೂಬಿ-ಡೂ

2018ರ ಮೇ 22ರಂದು ಅಮೆರಿಕದಲ್ಲಿ ‘ಡ್ಯಾಫ್ನೀ ಆ್ಯಂಡ್ ವೆಲ್ಮಾ’ ಎಂಬ ಸಿನಿಮಾ ಬಂತು. ಅದು ಥಿಯೇಟರ್ ಮೆಟ್ಟಿಲು ಹತ್ತಲಿಲ್ಲ. ನೇರವಾಗಿ ಡಿವಿಡಿ, ಬ್ಲೂ-ರೇ ಮತ್ತು ಡಿಜಿಟಲ್ ಅಂಗಡಿಗಳಿಗೆ ಹೋಯಿತು. ಸುಮಾರು ಒಂದೂಕಾಲು ಗಂಟೆಯ ಸಣ್ಣ ಸಿನಿಮಾ. ಸ್ಕೂಬಿ-ಡೂ ಅಂದರೆ ನಾಲ್ವರು ಹುಡುಗ ಹುಡುಗಿಯರು ಒಂದು ದೊಡ್ಡ ನಾಯಿಯ ಜೊತೆ ದೆವ್ವದ ಗುಟ್ಟು ಬಿಡಿಸುವ ಕಾರ್ಟೂನ್. ಅದರ ಇಬ್ಬರು ಹುಡುಗಿಯರನ್ನು ಬೇರೆ ತೆಗೆದು, ನಿಜವಾದ ನಟಿಯರನ್ನಿಟ್ಟು ಮಾಡಿದ ಕಥೆ. ಶ್ಯಾಗಿ ಇಲ್ಲ, ಫ್ರೆಡ್ ಇಲ್ಲ. ನಾಯಿಯೂ ಇಲ್ಲ.

ಎಂಟು ವರ್ಷದ ಹಿಂದಿನ ಈ ಪುಟ್ಟ ಸಿನಿಮಾವನ್ನು ಈಗ ನೆನೆಯಲು ಕಾರಣ ಇದೆ. 2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್ ನಿಜವಾದ ನಟರಿರುವ 8 ಕಂತುಗಳ ಸ್ಕೂಬಿ-ಡೂ ಸೀರೀಸ್ ಮಾಡುವುದಾಗಿ ಘೋಷಿಸಿತು. ಹಳೆಯ ಕಾರ್ಟೂನುಗಳನ್ನು ಹೊಸ ರೂಪದಲ್ಲಿ ತರುವ ಕೆಲಸ ಎಲ್ಲ ಕಡೆ ಜೋರಾಗಿ ನಡೆದಿದೆ. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಅನ್ನೋದನ್ನು ತಿಳಿಯಲು ದೊಡ್ಡ ಬಜೆಟ್ಟಿನ ಸಿನಿಮಾಕ್ಕಿಂತ ಇಂಥ ಸಣ್ಣ ಸಿನಿಮಾ ಒಳ್ಳೆಯ ಉದಾಹರಣೆ. ದುಡ್ಡಿನ ಹೊಳಪು ಇಲ್ಲದಿರುವುದರಿಂದ ಒಳಗಿನ ಮೂಳೆ ನೇರವಾಗಿ ಕಾಣುತ್ತದೆ.

ಈ ಸಿನಿಮಾ ಯಾಕೆ ಮನಸ್ಸಿನಲ್ಲಿ ಉಳಿಯಲಿಲ್ಲ ಎಂದು ಕೇಳಿದರೆ ಸುಲಭದ ಉತ್ತರ ಒಂದಿದೆ. ಬಜೆಟ್ ಕಡಿಮೆ, ಇನ್ನೇನು ಆಗುತ್ತೆ? ಈ ಉತ್ತರ ನನಗೆ ಒಪ್ಪಿಗೆ ಇಲ್ಲ. ಸ್ಕೂಬಿ-ಡೂ ಹುಟ್ಟಿದ್ದೇ ಕಡಿಮೆ ದುಡ್ಡಿನಲ್ಲಿ. ಆ ಕಾರ್ಟೂನಿನಲ್ಲಿ ನಾವು ಪ್ರೀತಿಸುವ ಎಷ್ಟೋ ಸಂಗತಿಗಳು ಕೈಯಲ್ಲಿ ಕಾಸಿಲ್ಲದಾಗ ಹೊಳೆದ ಉಪಾಯಗಳು. ಅಂಥ ಕಾರ್ಟೂನಿಗೆ ಬಡತನ ಶತ್ರು ಆಗಲು ಸಾಧ್ಯವೇ ಇರಲಿಲ್ಲ. ಸಿನಿಮಾ ಸೋತಿದ್ದು ಬೇರೆ ಕಡೆ.

ಮಿತವ್ಯಯದಿಂದ ಹುಟ್ಟಿದ ಕಾರ್ಟೂನ್

ಸ್ಕೂಬಿ-ಡೂ ತಯಾರಿಸಿದ ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಮೊದಲು ಎಂಜಿಎಂ ಸ್ಟುಡಿಯೋದಲ್ಲಿ ಟಾಮ್ ಆ್ಯಂಡ್ ಜೆರ್ರಿ ಮಾಡುತ್ತಿದ್ದರು. ಆ ಬೆಕ್ಕು ಇಲಿ ಜೋಡಿ 7 ಆಸ್ಕರ್ ಗೆದ್ದಿತ್ತು. ಏಳೆಂಟು ನಿಮಿಷದ ಒಂದೊಂದು ಚಿತ್ರಕ್ಕೂ ಸಾವಿರಾರು ಚಿತ್ರಗಳನ್ನು ಕೈಯಲ್ಲೇ ಬಿಡಿಸುತ್ತಿದ್ದರು. ಬೆಕ್ಕಿನ ಮೀಸೆ ನಡುಗಿದರೂ ಅದಕ್ಕೆ ಬೇರೆ ಚಿತ್ರ ಬೇಕಿತ್ತು. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಇಬ್ಬರೂ ಅದೇ ವರ್ಷ ಸ್ವಂತ ಕಂಪನಿ ಕಟ್ಟಿ ಟಿವಿಗೆ ಬಂದರು. ಟಿವಿಯವರು ಕೊಡುತ್ತಿದ್ದ ದುಡ್ಡು ಸಿನಿಮಾದಲ್ಲಿ ಸಿಗುತ್ತಿದ್ದುದರ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ.

ಹಾಗಾಗಿ ಅವರು ಕೆಲಸದ ರೀತಿಯನ್ನೇ ಬದಲಿಸಿದರು. ಪಾತ್ರ ಮಾತಾಡುವಾಗ ಮೈ ಅಲ್ಲಾಡುವುದಿಲ್ಲ, ಬಾಯಿ ಮಾತ್ರ ಅಲ್ಲಾಡುತ್ತದೆ. ಓಡುವಾಗ ಕಾಲಿನ ನಾಲ್ಕಾರು ಚಿತ್ರಗಳೇ ಮತ್ತೆ ಮತ್ತೆ ಬರುತ್ತವೆ. ಹಿಂದಿನ ಗೋಡೆ, ಕಿಟಕಿ, ಮತ್ತೆ ಗೋಡೆ, ಮತ್ತೆ ಅದೇ ಕಿಟಕಿ. ಕುತ್ತಿಗೆಯ ಹತ್ತಿರ ಒಂದು ಗೆರೆ ಇದ್ದರೆ ತಲೆ ಬೇರೆ, ಮೈ ಬೇರೆ ಹಾಳೆಯಲ್ಲಿ ಬಿಡಿಸಬಹುದು. ಅವರದೇ ಇನ್ನೊಂದು ಕಾರ್ಟೂನಿನ ಯೋಗಿ ಕರಡಿ ಬರೀ ಮೈಯಲ್ಲಿದ್ದರೂ ಕಾಲರ್, ಟೈ ಕಟ್ಟಿಕೊಂಡಿರುವುದು ಅದಕ್ಕೇ. ಸ್ಕೂಬಿ-ಡೂ ತಂಡವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಫ್ರೆಡ್‌ಗೆ ಕಿತ್ತಳೆ ಬಣ್ಣದ ಕುತ್ತಿಗೆ ಬಟ್ಟೆ. ಡ್ಯಾಫ್ನಿಗೆ ಹಸಿರು ಸ್ಕಾರ್ಫ್. ವೆಲ್ಮಾಗೆ ಗಲ್ಲದವರೆಗೆ ಮುಚ್ಚುವ ಸ್ವೆಟರ್. ಸ್ಕೂಬಿಗೆ ನೀಲಿ ಪಟ್ಟಿ. ಐವತ್ತೇಳು ವರ್ಷದ ನಂತರವೂ ಆ ಬಟ್ಟೆ ನೋಡಿದ ತಕ್ಷಣ ಮಕ್ಕಳು ಹೆಸರು ಹೇಳುತ್ತಾರೆ.

ಮೊದಲ ಕಂತು ಬಂದಿದ್ದು 1969ರ ಸೆಪ್ಟೆಂಬರ್ 13ರಂದು, ಸಿಬಿಎಸ್ ಚಾನೆಲ್ಲಿನಲ್ಲಿ. ಆ ಹೊತ್ತಿಗೆ ಅಮೆರಿಕದ ತಂದೆತಾಯಿಯರು ಶನಿವಾರ ಬೆಳಗಿನ ಕಾರ್ಟೂನುಗಳ ಹೊಡೆದಾಟ ನೋಡಿ ಸಿಟ್ಟಾಗಿದ್ದರು. ಹೊಡೆದಾಟ ಇಲ್ಲದ, ಆದರೂ ಮಕ್ಕಳು ಕೂತು ನೋಡುವ ಕಾರ್ಟೂನ್ ಬೇಕಿತ್ತು. ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್ ಎಂಬ ಇಬ್ಬರು ಬರಹಗಾರರು ದೆವ್ವದ ಗುಟ್ಟು ಬಿಡಿಸುವ ಹುಡುಗ ಹುಡುಗಿಯರ ಕಥೆ ತಂದರು. ಅದರಲ್ಲಿ ನಾಯಿ ಇತ್ತು, ಆದರೆ ಮುಖ್ಯ ಪಾತ್ರ ಆಗಿರಲಿಲ್ಲ. ಸಿಬಿಎಸ್‌ನ ಅಧ್ಯಕ್ಷ ಫ್ರಾಂಕ್ ಸ್ಟಾಂಟನ್ ಚಿತ್ರಗಳನ್ನು ನೋಡಿ, ಇದು ಮಕ್ಕಳಿಗೆ ತುಂಬಾ ಭಯ ಹುಟ್ಟಿಸುತ್ತದೆ ಎಂದು ತಳ್ಳಿಹಾಕಿದರು.

ಆಗ ಚಾನೆಲ್ಲಿನ ಫ್ರೆಡ್ ಸಿಲ್ವರ್‌ಮನ್ ಒಂದು ಬದಲಾವಣೆ ಮಾಡಿದರು. ನಾಯಿಯನ್ನು ಮುಂದಕ್ಕೆ ತಂದರು. ಫ್ರಾಂಕ್ ಸಿನಾಟ್ರಾ ಹಾಡಿನ ಕೊನೆಯಲ್ಲಿ ಸುಮ್ನೆ ಗುನುಗುವ ‘ಡೂ ಬಿ ಡೂ ಬಿ ಡೂ’ ಕೇಳಿ ಅದಕ್ಕೆ ಸ್ಕೂಬಿ-ಡೂ ಎಂದು ಹೆಸರಿಟ್ಟರು. ಕಥೆ ಅದೇ, ದೆವ್ವಗಳು ಅವೇ. ಆದರೆ ಈಗ ಪರದೆಯ ಮೇಲೆ ಮಗುವಿಗಿಂತ ಜಾಸ್ತಿ ಹೆದರುವ ಒಂದು ದೊಡ್ಡ ಪ್ರಾಣಿ ಇತ್ತು. ಅದು ಹೆದರಿ ಶ್ಯಾಗಿಯ ಮೈಮೇಲೆ ಹಾರಿದಾಗ ಮಗುವಿಗೆ ನಗು ಬರುತ್ತದೆ. ನಗು ಬಂದ ಮೇಲೆ ದೆವ್ವವನ್ನು ದಿಟ್ಟಿಸಿ ನೋಡುವ ಧೈರ್ಯ ಬರುತ್ತದೆ. ಚಾನೆಲ್ ಒಪ್ಪಿತು. ಅಂದರೆ ಈ ಕಾರ್ಟೂನನ್ನು ಬದುಕಿಸಿದ್ದು ನಾಯಿ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾಯಿಯ ಚಿತ್ರ ಬರೆದವರು ಇವಾವೊ ಟಾಕಾಮೋಟೊ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರು ಎಂಬ ಒಂದೇ ಕಾರಣಕ್ಕೆ ಅಮೆರಿಕ ಸರ್ಕಾರ ಶಿಬಿರದಲ್ಲಿ ಕೂಡಿಟ್ಟ ಕುಟುಂಬಗಳಲ್ಲಿ ಅವರದೂ ಒಂದು. ಸ್ಟುಡಿಯೋದಲ್ಲಿ ಗ್ರೇಟ್ ಡೇನ್ ನಾಯಿ ಸಾಕುತ್ತಿದ್ದ ಒಬ್ಬ ಮಹಿಳೆ ಇದ್ದರು. ಒಳ್ಳೆ ಜಾತಿಯ ನಾಯಿ ಹೇಗಿರಬೇಕು ಎಂದು ಅವರಿಂದ ಕೇಳಿ ತಿಳಿದುಕೊಂಡು, ಎಲ್ಲವನ್ನೂ ಉಲ್ಟಾ ಮಾಡಿದರು. ನೇರ ಬೆನ್ನಿನ ಜಾಗದಲ್ಲಿ ಇಳಿಜಾರು ಬೆನ್ನು. ನೆಟ್ಟಗಿರಬೇಕಾದ ಕಾಲು ಸೊಟ್ಟ. ಗಟ್ಟಿ ದವಡೆಯ ಬದಲು ಜೋಲು ಗಲ್ಲ. ಗಂಭೀರವಾದ ನಾಯಿಯೊಂದು ಹಾಗೆ ನಮ್ಮ ಪಕ್ಕದ ಮನೆಯ ಗೆಳೆಯನಂತೆ ಆಯಿತು.

ಇನ್ನು ಹಿನ್ನೆಲೆ ಚಿತ್ರಗಳು. ಡಿಸ್ನಿಯಲ್ಲಿ ಕೆಲಸ ಮಾಡಿ ಬಂದಿದ್ದ ವಾಲ್ಟ್ ಪೆರೆಗಾಯ್ ಅದನ್ನು ನೋಡಿಕೊಂಡರು. ನನ್ನ ಪ್ರಕಾರ ಮೊದಲ ಸೀರೀಸಿನ 25 ಕಂತುಗಳ ಜೀವ ಅಲ್ಲೇ ಇದೆ. ಓಡುವ ಪಾತ್ರಗಳು ಸರಳ ಗೆರೆಯಲ್ಲಿವೆ. ಅವರ ಹಿಂದೆ ಇರುವ ಬಂಗಲೆ, ಜೌಗು, ಒಣಮರ, ನೇರಳೆ ಹಸಿರು ಕತ್ತಲೆ ಮಾತ್ರ ದಟ್ಟವಾಗಿದೆ. ಅಲ್ಲಾಡುವ ಚಿತ್ರಕ್ಕೆ ನೂರಾರು ಹಾಳೆ ಬೇಕು, ಅಲ್ಲಾಡದ ಹಿನ್ನೆಲೆಗೆ ಒಂದೇ ಹಾಳೆ ಸಾಕು. ಹಾಗಾಗಿ ಆ ಒಂದು ಹಾಳೆಗೆ ಶಕ್ತಿಯನ್ನೆಲ್ಲ ಸುರಿದರು. ಇದ್ದ ಸ್ವಲ್ಪ ದುಡ್ಡನ್ನು ಎಲ್ಲಿ ಹಾಕಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೆಲವು ಸಂಗತಿಗಳು ಪುಕ್ಕಟೆಯಾಗಿಯೂ ಸಿಕ್ಕವು. ವೆಲ್ಮಾಗೆ ಮೊದಲು ದನಿ ಕೊಟ್ಟವರು ನಿಕೋಲ್ ಜಾಫಿ. ಸ್ಕ್ರಿಪ್ಟ್ ಓದುವಾಗ ಅವರ ಕನ್ನಡಕ ಬಿದ್ದುಹೋಯಿತು. ಕನ್ನಡಕ ಇಲ್ಲದೆ ನನಗೇನೂ ಕಾಣಲ್ಲ ಎಂದು ಅವರು ತಡಕಾಡಿದ್ದೇ ಪಾತ್ರದ ಗುರುತಾಯಿತು. ನೆಲದ ಮೇಲೆ ಕೈಯಾಡಿಸುತ್ತಾ ಕನ್ನಡಕ ಹುಡುಕುವ ಹುಡುಗಿ, ಎದುರಿಗೆ ನಿಂತ ದೆವ್ವ. ಭಯ, ನಗು, ಕನಿಕರ ಮೂರೂ ಒಂದೇ ಚಿತ್ರದಲ್ಲಿ. ಅದಕ್ಕೆ ಒಂದು ಡಾಲರ್ ಕೂಡ ಜಾಸ್ತಿ ಖರ್ಚಾಗಲಿಲ್ಲ.

ದೆವ್ವಕ್ಕೆ ಜಿಪ್ ಇದ್ದರೂ ಪರವಾಗಿಲ್ಲ

ಕಾರ್ಟೂನಿನಿಂದ ನಿಜವಾದ ನಟರ ಸಿನಿಮಾಕ್ಕೆ ಬಂದಾಗ ಲೆಕ್ಕ ಬದಲಾಗುತ್ತದೆ. 2002ರ ಸ್ಕೂಬಿ-ಡೂ ಸಿನಿಮಾವನ್ನು ರಾಜಾ ಗೋಸ್ನೆಲ್ ನಿರ್ದೇಶಿಸಿದರು, ಜೇಮ್ಸ್ ಗನ್ ಬರೆದರು. ಖರ್ಚು 8.4 ಕೋಟಿ ಡಾಲರ್, ಪ್ರಪಂಚದಾದ್ಯಂತ ಗಳಿಕೆ ಸುಮಾರು 27.5 ಕೋಟಿ. 2004ರ ಎರಡನೇ ಭಾಗ ಸುಮಾರು 18 ಕೋಟಿಗೆ ನಿಂತಿತು, ಮೂರನೆಯದು ಬರಲೇ ಇಲ್ಲ. 2009ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ಗಾಗಿ ಹೊಸ ಹುಡುಗರನ್ನಿಟ್ಟು ಟಿವಿ ಸಿನಿಮಾ ಮಾಡಿದರು. ಮೊದಲ ಕಂತು ಬಂದು ಸರಿಯಾಗಿ 40 ವರ್ಷ ತುಂಬಿದ ದಿನ, ಸೆಪ್ಟೆಂಬರ್ 13ರಂದು, ಅದು ಪ್ರಸಾರ ಆಯಿತು. 60 ಲಕ್ಷಕ್ಕೂ ಜಾಸ್ತಿ ಜನ ನೋಡಿದರು. 2010ರಲ್ಲಿ ಇನ್ನೊಂದು ಬಂತು. ಟಿವಿಯ ಈ ಎರಡರ ಬಜೆಟ್ 2002ರ ಸಿನಿಮಾದ ಹತ್ತಿರವೂ ಇರಲಿಲ್ಲ. ಆದರೂ ಅವುಗಳಲ್ಲಿ ನಾಯಿ ಇತ್ತು, ನಾಲ್ವರೂ ಇದ್ದರು.

ಇಂಥ ಸಿನಿಮಾದಲ್ಲಿ ಅತಿ ದುಬಾರಿ ಯಾವುದು? ನಾಯಿಯೇ. ಮಾತಾಡುವ, ನಗುವ, ಎರಡು ಕಾಲಲ್ಲಿ ನಿಲ್ಲುವ ನಾಯಿಯನ್ನು ಗ್ರಾಫಿಕ್ಸ್‌ನಲ್ಲೇ ಹುಟ್ಟಿಸಬೇಕು. ಅದು ಕಾಣುವ ಪ್ರತಿ ಸೆಕೆಂಡಿಗೂ ದುಡ್ಡು. ನಟರಿಗೂ ಕಷ್ಟ. ಶ್ಯಾಗಿ ಆಗಿದ್ದ ಮ್ಯಾಥ್ಯೂ ಲಿಲಾರ್ಡ್ ಖಾಲಿ ಜಾಗವನ್ನು ಅಪ್ಪಿಕೊಂಡು, ಅಲ್ಲಿ ಗೆಳೆಯ ಇದ್ದಾನೆ ಎಂದು ನಂಬಿಸಬೇಕಿತ್ತು. ಅವರು ನಂಬಿಸಿದರು. ಮುಂದೆ ಕಾರ್ಟೂನಿನಲ್ಲೂ ಶ್ಯಾಗಿಯ ದನಿ ಅವರದೇ ಆಯಿತು.

ಅತಿ ಅಗ್ಗ ಯಾವುದು ಗೊತ್ತಾ? ದೆವ್ವ.

ಇದು ಸ್ಕೂಬಿ-ಡೂಗೆ ಮಾತ್ರ ಸಿಕ್ಕ ವರ. ಬೇರೆ ಭೂತದ ಸಿನಿಮಾದಲ್ಲಿ ಭೂತದ ಬೆನ್ನಲ್ಲಿ ಜಿಪ್ ಕಂಡರೆ ಕಥೆ ಮುಗಿಯಿತು. ಇಲ್ಲಿ ಭೂತ ಅಂದರೆ ವೇಷ ಹಾಕಿದ ಮನುಷ್ಯನೇ. ಮೊದಲ ಕಂತನ್ನೇ ನೋಡಿ. ಮ್ಯೂಸಿಯಂನಲ್ಲಿ ಕಪ್ಪು ಕವಚದ ಯೋಧನೊಬ್ಬ ರಾತ್ರಿ ಓಡಾಡುತ್ತಾನೆ. ಕೊನೆಗೆ ಶಿರಸ್ತ್ರಾಣ ತೆಗೆದರೆ ಮ್ಯೂಸಿಯಂ ನೋಡಿಕೊಳ್ಳುವ ವಿಕಲ್ಸ್. ಬೆಲೆಬಾಳುವ ಚಿತ್ರಗಳನ್ನು ಕದ್ದು ಸಾಗಿಸುವುದು ಅವನ ಕೆಲಸ. ವೇಷ ಸ್ವಲ್ಪ ಸಡಿಲವಾಗಿದ್ದರೆ, ರಬ್ಬರ್ ಮುಖವಾಡ ರಬ್ಬರ್ ಥರವೇ ಕಂಡರೆ, ಅದು ತಪ್ಪಲ್ಲ. ಅದೇ ಸುಳಿವು! ಗಮನ ಇಟ್ಟು ನೋಡುವ ಮಗು ವೆಲ್ಮಾಗಿಂತ ಮೊದಲೇ ಗುಟ್ಟು ಹಿಡಿಯಬಹುದು.

ಯೋಚನೆ ಮಾಡಿ. ಒಂದು ಹಳೆ ಕಟ್ಟಡ, ರಾತ್ರಿ ಹೊತ್ತು, ಎರಡು ಟಾರ್ಚು, ಒಂದು ವೇಷ, ನಾಲ್ಕು ಜನ ಹುಡುಗರು. ಕಾಲೇಜಿನ ಮಕ್ಕಳು ಕೂಡ ಚಂದಾ ಎತ್ತಿ ಶೂಟಿಂಗ್ ಮಾಡಬಹುದು. ಕತ್ತಲೆಗೆ ಬಾಡಿಗೆ ಇಲ್ಲ. ನಿಜವಾದ ನಟರ ಕಡಿಮೆ ಬಜೆಟ್ಟಿನ ಸಿನಿಮಾಕ್ಕೆ ಇದಕ್ಕಿಂತ ಹೊಂದುವ ಕಥೆ ಸಿಗೋದು ಕಷ್ಟ.

ಬೆಳಕು ಜಾಸ್ತಿಯಾದ ಶಾಲೆ

ಈಗ ‘ಡ್ಯಾಫ್ನೀ ಆ್ಯಂಡ್ ವೆಲ್ಮಾ’ಗೆ ಬರೋಣ. ನಿರ್ದೇಶಕಿ ಸೂಝಿ ಯೂನೆಸ್ಸಿ. ಡ್ಯಾಫ್ನೀ ಪಾತ್ರದಲ್ಲಿ ಸಾರಾ ಜೆಫ್ರಿ, ವೆಲ್ಮಾ ಪಾತ್ರದಲ್ಲಿ ಸಾರಾ ಗಿಲ್ಮನ್. ನಟಿ ಆಶ್ಲಿ ಟಿಸ್‌ಡೇಲ್ ಮತ್ತು ಅವರ ಅಕ್ಕ ಜೆನಿಫರ್ ಟಿಸ್‌ಡೇಲ್ ತಮ್ಮ ಬ್ಲಾಂಡಿ ಗರ್ಲ್ ಸಂಸ್ಥೆಯಿಂದ ನಿರ್ಮಿಸಿದರು. ಜೊತೆಗೆ ನಿಂತಿದ್ದು ವಾರ್ನರ್ ಬ್ರದರ್ಸ್‌ನ ಬ್ಲೂ ರಿಬ್ಬನ್ ಕಂಟೆಂಟ್. ಇಂಟರ್‌ನೆಟ್ಟಿಗೆ ಸಣ್ಣ ಬಜೆಟ್ಟಿನ ಸೀರೀಸು, ಸಿನಿಮಾ ಮಾಡಲೆಂದೇ 2014ರಲ್ಲಿ ಶುರು ಮಾಡಿದ ವಿಭಾಗ ಅದು.

ಕಥೆ ಹೀಗೆ. ಡ್ಯಾಫ್ನೀ ಮತ್ತು ವೆಲ್ಮಾ ಆಪ್ತ ಗೆಳತಿಯರು, ಆದರೆ ಆನ್‌ಲೈನ್‌ನಲ್ಲಿ ಮಾತ್ರ. ಒಮ್ಮೆಯೂ ಎದುರುಬದುರು ಭೇಟಿ ಆಗಿಲ್ಲ. ಡ್ಯಾಫ್ನೀ ಈಗ ವೆಲ್ಮಾ ಓದುವ ರಿಡ್ಜ್ ವ್ಯಾಲಿ ಹೈಸ್ಕೂಲಿಗೆ ಸೇರುತ್ತಾಳೆ. ಅದು ಟೋಬಿಯಸ್ ಬ್ಲೂಮ್ ಎಂಬ ಟೆಕ್ ಕುಬೇರನ ಕೃಪೆಯಲ್ಲಿ ಹೊಸ ಹೊಸ ಯಂತ್ರಗಳಿಂದ ತುಂಬಿದ ಶಾಲೆ. ಅವನ ಕಂಪನಿಯಲ್ಲಿ ಇಂಟರ್ನ್‌ಶಿಪ್ ಪಡೆಯಲು ಮಕ್ಕಳಲ್ಲಿ ಭಾರಿ ಪೈಪೋಟಿ. ಅಷ್ಟರಲ್ಲಿ ಶಾಲೆಯ ಜಾಣ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ವಾಪಸ್ ಬಂದಾಗ ಬುದ್ಧಿ ಕಳೆದುಕೊಂಡ ಬೊಂಬೆಗಳ ಹಾಗೆ ಇರುತ್ತಾರೆ.

ಇದರಲ್ಲಿ ನಿಜಕ್ಕೂ ಒಳ್ಳೆಯ ಬೀಜ ಇದೆ, ಅದನ್ನು ಮೊದಲು ಹೇಳಬೇಕು. ಜಾಣ ಮಕ್ಕಳ ಮಿದುಳನ್ನೇ ಹಿಂಡುವ ಶಾಲೆ. ಪೈಪೋಟಿಯಲ್ಲಿ ಸೊರಗುವ ಹುಡುಗ ಹುಡುಗಿಯರು. ಅಂಕ, ರ‍್ಯಾಂಕು, ಕೋಚಿಂಗ್ ಎಂದು ಓಡುವ ಯಾವ ಊರಿನ ಮಗುವಿಗೂ ಇದು ಅರ್ಥ ಆಗುವ ಭಯ. 1969ರ ಕಳ್ಳರು ಹೆಚ್ಚಾಗಿ ಜಮೀನು, ನಿಧಿ ಅಥವಾ ಆಸ್ತಿಗೆ ಆಸೆಪಟ್ಟು ದೆವ್ವದ ವೇಷ ಹಾಕುತ್ತಿದ್ದರು. ಇವತ್ತಿನ ಆಸ್ತಿ ಬುದ್ಧಿ. ಆ ಬದಲಾವಣೆ ಸರಿಯಾಗಿಯೇ ಇದೆ.

ಇಬ್ಬರು ಹುಡುಗಿಯರನ್ನು ಮುಂದೆ ತಂದಿದ್ದೂ ಸರಿ. ಹಳೆಯ ಕಂತುಗಳಲ್ಲಿ ಡ್ಯಾಫ್ನೀ ಬಹಳ ಸಲ ಸಿಕ್ಕಿಬೀಳುವ ಹುಡುಗಿ. ಗುಂಡಿಗೆ ಬೀಳುವವಳು, ಗುಪ್ತ ಬಾಗಿಲಿನ ಆಚೆ ಮಾಯ ಆಗುವವಳು. ಫ್ರೆಡ್ ತಂಡವನ್ನು ಎರಡು ಭಾಗ ಮಾಡಿ ಕಳಿಸುವಾಗ ಡ್ಯಾಫ್ನೀ, ವೆಲ್ಮಾ ಇಬ್ಬರೇ ಇಡೀ ಕಥೆ ನಡೆಸಿದ್ದು ಅಪರೂಪ. ಅವರಿಗೆ ತಮ್ಮದೇ ಒಂದು ಸಿನಿಮಾ ಸಿಗಬೇಕಿತ್ತು, ಸಿಕ್ಕಿತು. ಸ್ಪಿನ್-ಆಫ್ ಅಂದರೆ ದೊಡ್ಡ ಮರದಿಂದ ಒಡೆದ ಟಿಸಿಲು. ಮೂಲದಲ್ಲಿ ಜಾಗ ಸಿಗದವರಿಗೆ ಅಲ್ಲಿ ಜಾಗ ಸಿಕ್ಕರೆ ಆ ಟಿಸಿಲಿಗೆ ಅರ್ಥ ಬರುತ್ತದೆ.

ಹಾಗಾದರೆ ಎಡವಿದ್ದು ಎಲ್ಲಿ? ಕಡಿಮೆ ದುಡ್ಡು ಇಟ್ಟುಕೊಂಡು ಅತಿ ದುಬಾರಿಯಾಗಿ ಕಾಣಬೇಕಾದ ಜಾಗವನ್ನು ಆರಿಸಿಕೊಂಡಿದ್ದರಲ್ಲಿ. ಕುಬೇರ ಕಟ್ಟಿದ ಹೈಟೆಕ್ ಶಾಲೆ ನಂಬುವ ಹಾಗೆ ಇರಬೇಕಾದರೆ ಕೋಟಿಗಟ್ಟಲೆ ಖರ್ಚು ಮಾಡಬೇಕು. ಆ ಖರ್ಚು ಇಲ್ಲದೆ ಮಾಡಿದಾಗ ಸ್ಕ್ರೀನು, ಗ್ಯಾಜೆಟ್ಟು, ಬಣ್ಣದ ಗೋಡೆ ಎಲ್ಲವೂ ಆಟಿಕೆಯ ಹಾಗೆ ಕಾಣುತ್ತವೆ. ಪಾಳುಬಿದ್ದ ಬಂಗಲೆ ಅಗ್ಗವಾಗಿ ಕಂಡರೆ ಭಯ ಹೆಚ್ಚುತ್ತದೆ. ಹೊಚ್ಚ ಹೊಸ ಶಾಲೆ ಅಗ್ಗವಾಗಿ ಕಂಡರೆ ನಂಬಿಕೆ ಹೋಗುತ್ತದೆ. ಕಥೆಯ ಬಹುಪಾಲು ಶಾಲೆಯ ಒಳಗೇ, ಬೆಳಕಿನಲ್ಲೇ ನಡೆಯುವುದರಿಂದ ಕತ್ತಲೆ ಎಂಬ ಪುಕ್ಕಟೆ ಗೆಳೆಯನನ್ನೂ ಕಳೆದುಕೊಂಡರು. ವಾಲ್ಟ್ ಪೆರೆಗಾಯ್ ಒಂದು ಹಾಳೆಯಲ್ಲಿ ತಂದುಕೊಟ್ಟ ನೇರಳೆ ರಾತ್ರಿ ಇಲ್ಲಿ ಇಲ್ಲವೇ ಇಲ್ಲ.

ಎರಡನೆಯದು ನಾಯಿ. ಗ್ರಾಫಿಕ್ಸ್ ನಾಯಿಗೆ ದುಡ್ಡು ಸಾಲುವುದಿಲ್ಲ ಅನ್ನೋದು ಯಾರಿಗಾದರೂ ಅರ್ಥ ಆಗುತ್ತದೆ. ನಾಯಿಯನ್ನು ಬಿಟ್ಟಿದ್ದಕ್ಕೆ ನನ್ನ ದೂರು ಇಲ್ಲ. ಆದರೆ 1969ರಲ್ಲಿ ಆ ನಾಯಿಯನ್ನು ಮುಂದೆ ತಂದಿದ್ದು ಒಂದು ಕೆಲಸಕ್ಕಾಗಿ. ನೋಡುವ ಮಗುವಿನ ಭಯವನ್ನು ತಾನು ಹೊತ್ತುಕೊಂಡು, ಅದನ್ನು ನಗುವಾಗಿ ಮಾಡಿ ವಾಪಸ್ ಕೊಡುವ ಕೆಲಸ. ನಾಯಿ ಹೋದ ಮೇಲೆ ಆ ಕೆಲಸವನ್ನು ಇನ್ಯಾರಾದರೂ ಮಾಡಲೇಬೇಕು. ಈ ಸಿನಿಮಾದಲ್ಲಿ ಅದನ್ನು ಯಾರೂ ಮಾಡುವುದಿಲ್ಲ. ಇಬ್ಬರೂ ಜಾಣೆಯರು, ಇಬ್ಬರೂ ಧೈರ್ಯವಂತೆಯರು. ಒಬ್ಬಳು ನಡುಗಿದಾಗ ಇನ್ನೊಬ್ಬಳು ಕೈ ಹಿಡಿಯುವ, ಹಿಡಿದ ಕೈಯೂ ನಡುಗುತ್ತಿರುವ ಒಂದು ದೃಶ್ಯ ಸಾಕಿತ್ತು. ಆನ್‌ಲೈನ್‌ನಲ್ಲಿ ಎಲ್ಲ ಹೇಳಿಕೊಂಡ ಗೆಳತಿಯರು ಮೊದಲ ಸಲ ಒಂದೇ ಕತ್ತಲ ಕೋಣೆಯಲ್ಲಿ ನಿಂತಾಗ ಏನಾಗುತ್ತೆ? ಆ ಪ್ರಶ್ನೆ ಇವರ ಕೈಯಲ್ಲೇ ಇತ್ತು. ಅದಕ್ಕೆ ಬೇಕಾಗಿದ್ದು ಇಬ್ಬರು ನಟಿಯರು ಮತ್ತು ಸ್ವಲ್ಪ ತಾಳ್ಮೆ. ಅಷ್ಟನ್ನು ಇವರು ಬಿಟ್ಟುಕೊಟ್ಟರಲ್ಲ ಅನ್ನೋದೇ ನನಗೆ ಬೇಸರ.

ಇಂಥ ಸಿನಿಮಾ ಯಾಕೆ ಮಾಡುತ್ತಾರೆ ಅನ್ನುವುದಕ್ಕೆ ವ್ಯಾಪಾರದ ಉತ್ತರ ಇದೆ. 1998ರಿಂದ ವಾರ್ನರ್ ಸಂಸ್ಥೆ ಸ್ಕೂಬಿ-ಡೂ ಕಾರ್ಟೂನ್ ಸಿನಿಮಾಗಳನ್ನು ನೇರವಾಗಿ ವಿಡಿಯೋಗೆ ಬಿಡುತ್ತಾ ಬಂದಿದೆ. ಹೆಸರು ನೋಡಿಯೇ ತಂದೆತಾಯಿ ಕೊಳ್ಳುತ್ತಾರೆ. ಥಿಯೇಟರ್ ಇಲ್ಲದಿದ್ದರೆ ದೊಡ್ಡ ಪ್ರಚಾರದ ಖರ್ಚೂ ಇಲ್ಲ. ಬಂದಷ್ಟು ಬರಲಿ, ಓಡಿದರೆ ಮುಂದುವರಿಸೋಣ ಎಂಬ ಲೆಕ್ಕ. ಡಿವಿಡಿ ಮಾರಾಟ 2018ರ ಹೊತ್ತಿಗೆ ಇಳಿಮುಖದಲ್ಲಿತ್ತು. ‘ಡ್ಯಾಫ್ನೀ ಆ್ಯಂಡ್ ವೆಲ್ಮಾ’ಗೆ ಎರಡನೇ ಭಾಗ ಬರಲಿಲ್ಲ.

ಆಮೇಲೆ ನಾಯಿ ಇಲ್ಲದ ಇನ್ನೊಂದು ಸ್ಪಿನ್-ಆಫ್ ಬಂತು. 2023ರ ಜನವರಿಯಲ್ಲಿ ಎಚ್‌ಬಿಒ ಮ್ಯಾಕ್ಸ್‌ನಲ್ಲಿ ‘ವೆಲ್ಮಾ’. ಇದು ದೊಡ್ಡವರಿಗಾಗಿ ಮಾಡಿದ ಕಾರ್ಟೂನ್. ಮಿಂಡಿ ಕೇಲಿಂಗ್ ದನಿ ಕೊಟ್ಟು, ನಿರ್ಮಾಪಕಿಯೂ ಆಗಿದ್ದರು. ಅವರ ತಂದೆ ತಮಿಳರು, ತಾಯಿ ಬಂಗಾಳಿ. ಅವರ ವೆಲ್ಮಾ ಭಾರತೀಯ ಮೂಲದ ಹುಡುಗಿ. ಅಮೆರಿಕದಲ್ಲಿ ಬೆಳೆಯುವ ನಮ್ಮವರ ಮಕ್ಕಳು ದಪ್ಪ ಕನ್ನಡಕದ ಜಾಣ ಹುಡುಗಿಯಲ್ಲಿ ತಮ್ಮನ್ನು ಕಾಣುವುದು ಸಹಜ ಅಲ್ವಾ? ಆ ಆಲೋಚನೆ ನನಗೆ ತುಂಬಾ ಹಿಡಿಸಿತ್ತು. ಇಲ್ಲಿ ದುಡ್ಡಿನ ಕೊರತೆ ಇರಲಿಲ್ಲ. ನಾಯಿಯನ್ನು ಬಳಸಲು ವಾರ್ನರ್‌ನವರೇ ಒಪ್ಪಲಿಲ್ಲ ಎಂದು ಸೀರೀಸಿನ ಮುಖ್ಯಸ್ಥ ಚಾರ್ಲಿ ಗ್ರಾಂಡಿ ಹೇಳಿದ್ದರು. ಮಕ್ಕಳ ನಾಯಿ ದೊಡ್ಡವರ ಕಥೆಯಲ್ಲಿ ಬೇಡ ಎಂಬ ಎಚ್ಚರ. ನೋಡಿದವರಲ್ಲಿ ಬಹಳ ಜನ ಸಿಟ್ಟಾದರು. ಸೀರೀಸ್ ತನ್ನದೇ ಮೂಲವನ್ನು ಹಂಗಿಸುವುದರಲ್ಲೇ ಹೊತ್ತು ಕಳೆಯಿತು ಎಂಬುದು ಮುಖ್ಯ ದೂರು, ನನ್ನದೂ ಅದೇ. ಎರಡು ಸೀಸನ್ ಆದ ಮೇಲೆ 2024ರಲ್ಲಿ ನಿಂತುಹೋಯಿತು.

ಒಂದರಲ್ಲಿ ದುಡ್ಡು ಕಡಿಮೆ ಇತ್ತು, ಇನ್ನೊಂದರಲ್ಲಿ ದುಡ್ಡು ಇತ್ತು. ಎರಡರಲ್ಲೂ ಕಾಣೆಯಾಗಿದ್ದು ಒಂದೇ. ಒಟ್ಟಿಗೆ ಹೆದರುವ ಗೆಳೆತನ.

ನಡುವೆ ನಡೆದ ಒಂದು ಘಟನೆ ನನ್ನನ್ನು ಈಗಲೂ ಕಾಡುತ್ತದೆ. 2022ರ ಆಗಸ್ಟ್‌ನಲ್ಲಿ ಹೊಸ ಆಡಳಿತದ ವಾರ್ನರ್ ಬ್ರದರ್ಸ್ ಡಿಸ್ಕವರಿ ಎರಡು ಸಿನಿಮಾಗಳನ್ನು ಒಟ್ಟಿಗೆ ಕೈಬಿಟ್ಟಿತು. ಒಂದು ‘ಬ್ಯಾಟ್‌ಗರ್ಲ್’ ಎಂಬ ಸೂಪರ್‌ಹೀರೋ ಸಿನಿಮಾ, ಅದರ ಸುದ್ದಿ ಬಹಳ ಜನರಿಗೆ ಗೊತ್ತು. ಇನ್ನೊಂದು ‘ಸ್ಕೂಬ್! ಹಾಲಿಡೇ ಹಾಂಟ್’ ಎಂಬ ಸ್ಕೂಬಿ-ಡೂ ಕಾರ್ಟೂನ್ ಸಿನಿಮಾ. ಸುಮಾರು 4 ಕೋಟಿ ಡಾಲರ್ ಖರ್ಚಾಗಿ ಕೆಲಸ ಬಹುತೇಕ ಮುಗಿದಿತ್ತು. ಸಂಗೀತ ರೆಕಾರ್ಡಿಂಗ್‌ಗೆ ಸ್ಟುಡಿಯೋ, ವಾದ್ಯಗಾರರು ಮೊದಲೇ ಗೊತ್ತಾಗಿ ದುಡ್ಡೂ ಸಂದಾಯವಾಗಿತ್ತು. ಸಿನಿಮಾ ಬಿಡುಗಡೆ ಆಗುವುದಿಲ್ಲ ಎಂದು ಗೊತ್ತಾದ ಮೇಲೂ ಆ ತಂಡ ಹೋಗಿ ಸಂಗೀತ ರೆಕಾರ್ಡ್ ಮಾಡಿ ಬಂತು. ಯಾರೂ ನೋಡದ ಚಿತ್ರಕ್ಕೆ ವಯಲಿನ್ ನುಡಿಸಿದ ಆ ಜನರನ್ನು ನೆನೆದರೆ ಎದೆ ಭಾರವಾಗುತ್ತದೆ. ದುಡ್ಡಿನ ಲೆಕ್ಕ ಒಂದು ಕಡೆ ಇರಲಿ, ಕೆಲಸವನ್ನು ಪ್ರೀತಿಸುವವರು ಎಲ್ಲ ಕಾಲದಲ್ಲೂ ಆ ಕಟ್ಟಡಗಳ ಒಳಗೇ ಇರುತ್ತಾರೆ.

ನಮ್ಮಲ್ಲಿ ಈ ನಾಯಿ ಮನೆಮಾತಾಗಿದ್ದು 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದ ಮೇಲೆ. ಆಗೆಲ್ಲ ಕನ್ನಡದಲ್ಲಿ ಡಬ್ಬಿಂಗ್ ಬೇಡ ಎಂಬ ಕಟ್ಟುಪಾಡು ಗಟ್ಟಿಯಾಗಿತ್ತು. ಅದು ತಪ್ಪು ಎಂದು ಸ್ಪರ್ಧಾ ಆಯೋಗ ಆದೇಶ ಕೊಟ್ಟಿದ್ದು 2015ರಲ್ಲಿ. ಹಾಗಾಗಿ ಕರ್ನಾಟಕದ ಎಷ್ಟೋ ಮಕ್ಕಳು ಅರ್ಥ ಆಗದ ಇಂಗ್ಲಿಷಿನಲ್ಲಿ, ಅರೆಬರೆ ತಿಳಿಯುವ ಹಿಂದಿಯಲ್ಲಿ ಸ್ಕೂಬಿಯನ್ನು ನೋಡಿ ಬೆಳೆದರು. ಮಾತು ತಿಳಿಯದಿದ್ದರೂ ಕಥೆ ತಿಳಿಯುತ್ತಿತ್ತು. ಬಾಗಿಲು ಕಿರ್ರೆನ್ನುತ್ತದೆ. ನಾಯಿಯ ಕಿವಿ ನಿಮಿರುತ್ತದೆ. ಶ್ಯಾಗಿ ನಾಯಿಯ ಮುಖ ನೋಡುತ್ತಾನೆ, ನಾಯಿ ಶ್ಯಾಗಿಯ ಮುಖ ನೋಡುತ್ತದೆ. ಇದಕ್ಕೆ ಭಾಷೆ ಯಾಕೆ ಬೇಕು? ಭಾಷೆ ಗೊತ್ತಿಲ್ಲದ ಮಗುವಿಗೂ ದಾಟಿ ಬಂದದ್ದು ಯಾವುದೋ, ಅದನ್ನು ಹೊಸ ಸೀರೀಸುಗಳು ಮೊದಲು ಉಳಿಸಿಕೊಳ್ಳಬೇಕು ಎಂದು ನಾನು ನಂಬುತ್ತೇನೆ.

ನೆಟ್‌ಫ್ಲಿಕ್ಸ್ ಹೇಳಿರುವ ಕಥೆಯ ಎಳೆ ಹೀಗಿದೆ. ಶಿಬಿರದಲ್ಲಿ ಅವರ ಕೊನೆಯ ಬೇಸಿಗೆ. ಶ್ಯಾಗಿ ಮತ್ತು ಡ್ಯಾಫ್ನೀ ಹಳೆಯ ಗೆಳೆಯರು. ವೆಲ್ಮಾ ಅದೇ ಊರಿನ, ವಿಜ್ಞಾನ ನಂಬುವ ಹುಡುಗಿ. ಫ್ರೆಡ್ ಹೊಸದಾಗಿ ಬಂದ ವಿಚಿತ್ರ ಹುಡುಗ. ಇವರ ನಡುವೆ ದಾರಿ ತಪ್ಪಿದ ಒಂದು ಒಂಟಿ ಗ್ರೇಟ್ ಡೇನ್ ಮರಿ. ಒಂದು ಕೊಲೆ ನಡೆದಿದೆ. ಅದನ್ನು ಕಣ್ಣಾರೆ ಕಂಡಿರಬಹುದಾದ ಸಾಕ್ಷಿ ಆ ಮರಿ. ಅದು ಕಂಡದ್ದನ್ನು ತಿಳಿಯಬೇಕಾದರೆ ಈ ನಾಲ್ವರೂ ಮೊದಲು ಅದರ ಭಯವನ್ನು ಅರ್ಥ ಮಾಡಿಕೊಳ್ಳಬೇಕು.